ಗಾಡಿ ತುಂಬಾ ಒಂದೇ ಆಲೂಗಡ್ಡೆ

ಕುದುರೆ ಗಾಡಿಯ ಮೇಲೆ ಆಳೆತ್ತರದ ಈರುಳ್ಳಿ. ಗರಗಸದಲ್ಲಿ ಕೊಯ್ಯಬೇಕಾದಷ್ಟು ದಪ್ಪದ ಜೋಳದ ತೆನೆ. ಅಮೆರಿಕದಲ್ಲಿ ನೂರು ವರ್ಷದ ಹಿಂದೆ ಇಂಥ ಬುರುಡೆ ಅಂಚೆ ಕಾರ್ಡುಗಳಿಗೆ ಭಾರಿ ಬೇಡಿಕೆ ಇತ್ತು. 1907ರ ಮಾರ್ಚ್‌ನಿಂದ ವಿಳಾಸದ ಪಕ್ಕದಲ್ಲೇ ನಾಲ್ಕು ಮಾತು ಬರೆಯಲು ಅಲ್ಲಿನ ಅಂಚೆ ಇಲಾಖೆ ಒಪ್ಪಿತು. ಮುಂಬದಿ ಪೂರ್ತಿ ಚಿತ್ರಕ್ಕೇ ಸಿಕ್ಕಿತು. ಮರುವರ್ಷದ ಹೊತ್ತಿಗೆ ಕಾನ್ಸಾಸ್ ರಾಜ್ಯದ ಒಟ್ಟಾವಾ ಊರಿನಲ್ಲಿ ಫೋಟೋಗ್ರಾಫರ್ ವಿಲಿಯಂ ಮಾರ್ಟಿನ್ ಈ ಕೆಲಸಕ್ಕೆ ಇಳಿದರು. ವಿಸ್ಕಾನ್ಸಿನ್‌ನ ಆಲ್ಫ್ರೆಡ್ ಸ್ಟ್ಯಾನ್ಲಿ ಜಾನ್ಸನ್ ಕೂಡ ಇದರಲ್ಲಿ ಎತ್ತಿದ ಕೈ.

ನಾನು ಈ ಕಾರ್ಡುಗಳನ್ನು ಕೂಡಿಡುವವನು. ಎರಡು ಫೋಟೋ ತೆಗೆದು, ಒಂದನ್ನು ಕತ್ತರಿಸಿ ಇನ್ನೊಂದಕ್ಕೆ ಅಂಟಿಸಿ, ಮತ್ತೆ ಫೋಟೋ ತೆಗೆಯುವುದು ಅವರ ವಿಧಾನ. ಅದನ್ನು ಓದಿ ತಿಳಿದರೆ ಸಾಲದು, ಮಾಡಿಯೇ ನೋಡಬೇಕು ಅನ್ನಿಸಿತು. ನಾನಿರುವುದೂ ಕಾನ್ಸಾಸ್‌ನಲ್ಲೇ, ಗಾಡಿಗೇನೂ ಬರವಿಲ್ಲ.

ಪಕ್ಕದ ಹೊಲದವರು ತಮ್ಮ ಟ್ರೇಲರ್ ಕೊಟ್ಟು, ಅದರ ಮೇಲಿನ ಭಾರಿ ಆಲೂಗಡ್ಡೆಯನ್ನು ದೂಡುವವರಾಗಿ ತಾವೇ ಫೋಟೋಗೆ ನಿಂತರು. ಖಾಲಿ ಗಾಳಿಯನ್ನು ತಳ್ಳಿದರೆ ಮೈಯಲ್ಲಿ ಭಾರ ಕಾಣುವುದಿಲ್ಲ. ಅದಕ್ಕೆ ಟ್ರೇಲರ್ ಮೇಲೆ ಒಂದು ಹಲಗೆ ನಿಲ್ಲಿಸಿ ಬಿಗಿದೆ. ಅವರು ಅದನ್ನು ನಿಜವಾಗಿಯೂ ದೂಡಿದರು. ಕತ್ತಿನ ನರ ಉಬ್ಬಿತು, ಹಿಮ್ಮಡಿ ಮಣ್ಣಿಗೆ ಊರಿತು. ತರಕಾರಿ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಈ ದೇಹದ ಭಾಷೆಯೇ ಮುಖ್ಯ. ಬುರುಡೆಯನ್ನು ನಂಬಿಸುವುದು ಮನುಷ್ಯನೇ.

ಆಮೇಲೆ ಆಲೂಗಡ್ಡೆ. ಇಲ್ಲಿ ಸ್ವಲ್ಪ ಲೆಕ್ಕ ಬೇಕು. 10 ಸೆಂಟಿಮೀಟರ್ ಗಡ್ಡೆ 2 ಮೀಟರ್ ಆಗಿ ಕಾಣಬೇಕಾದರೆ ಎಲ್ಲವೂ ಇಪ್ಪತ್ತರಲ್ಲಿ ಒಂದು ಪಾಲು. ಹೊಲದಲ್ಲಿ ಕ್ಯಾಮೆರಾ 8 ಮೀಟರ್ ದೂರದಲ್ಲಿ, ಟ್ರೇಲರ್‌ನ ನೆಲಕ್ಕಿಂತ 1 ಮೀಟರ್ ಮೇಲಿತ್ತು. ಹಾಗಾಗಿ ಮೇಜಿನ ಮೇಲೆ 40 ಸೆಂಟಿಮೀಟರ್ ದೂರ, 5 ಸೆಂಟಿಮೀಟರ್ ಎತ್ತರ. ಬಿಸಿಲು ಅದೇ ಕಡೆಯಿಂದ, ಅದೇ ಹೊತ್ತಿನದು. ಅಪರ್ಚರ್, ಅಂದರೆ ಲೆನ್ಸಿನ ಕಿಂಡಿಯನ್ನು, ಎಫ್/16ಕ್ಕೆ ಕಿರಿದು ಮಾಡಿದೆ, ಯಾಕೆಂದರೆ ಗಡ್ಡೆಯ ಹಿಂಭಾಗ ಮಸುಕಾದರೆ ಅದು ಚಿಕ್ಕದು ಅಂತ ಕಣ್ಣಿಗೆ ತಕ್ಷಣ ಗೊತ್ತಾಗಿಬಿಡುತ್ತದೆ.

ಎರಡನ್ನೂ ಕಪ್ಪು-ಬಿಳುಪಿನಲ್ಲಿ, ಹೊಳಪಿಲ್ಲದ ಮ್ಯಾಟ್ ಕಾಗದದ ಮೇಲೆ ದೊಡ್ಡದಾಗಿಯೇ ಪ್ರಿಂಟ್ ಹಾಕಿಸಿದೆ. ಆಮೇಲೆ ಕಾರ್ಡಿನ ಅಳತೆಗೆ ಇಳಿಸಿದಾಗ ಜೋಡಣೆಯ ಗುರುತು ಅಡಗುತ್ತದೆ. ಗಡ್ಡೆಯನ್ನು ಚೂಪು ಬ್ಲೇಡಿನಿಂದ ಕೊಯ್ದು, ಅಂಚನ್ನು ಹಿಂದಿನಿಂದ ಉಪ್ಪುಕಾಗದದಲ್ಲಿ ನಯವಾಗಿ ಉಜ್ಜಿ ತೆಳುವಾಗಿಸಿದೆ. ಉಳಿದ ಬಿಳಿ ಗೆರೆಗೆ ಪೆನ್ಸಿಲ್ ತಾಗಿಸಿದೆ. ನೆರೆಯವರ ಬೆರಳುಗಳು ಗಡ್ಡೆಯ ಮುಂದೆ ಬರಬೇಕಲ್ವಾ? ಬೆರಳಿನ ಸುತ್ತ ಸೀಳಿ, ಗಡ್ಡೆಯ ಅಂಚನ್ನು ಅದರಡಿ ತೂರಿಸಿ ಅಂಟಿಸಿದೆ. ಹಲಗೆ ಪೂರ್ತಿ ಮರೆಯಾಯಿತು. ಈ ಒಂದು ಸೀಳಿನಿಂದ ಚಿತ್ರಕ್ಕೆ ಜೀವ ಬಂತು.

ಜಾಸ್ತಿ ಹೊತ್ತು ಹಿಡಿದದ್ದು ನೆರಳು. ಗಡ್ಡೆ ಟ್ರೇಲರ್‌ನ ನೆಲಕ್ಕೆ ತಾಗುವ ಕಡೆ ಕಡುಕಪ್ಪು, ಹೊರಗೆ ಹೋದಂತೆ ತಿಳಿ. ಮೆತ್ತನೆಯ ಪೆನ್ಸಿಲ್‌ನಲ್ಲಿ ಬಳಿದು ಹತ್ತಿಯಿಂದ ಒರೆಸಿದೆ. ನೆರಳಿಲ್ಲದಿದ್ದರೆ ಗಡ್ಡೆ ಸುಮ್ನೆ ತೇಲುತ್ತದೆ.

ಚಿತ್ರದ ಹೆಸರನ್ನು ಮೂಲೆಯಲ್ಲಿ ಬಿಳಿ ಶಾಯಿಯಲ್ಲಿ ಬರೆದು, ಎರಡೂ ಕಡೆಯಿಂದ 45 ಡಿಗ್ರಿಯಲ್ಲಿ ದೀಪ ಇಟ್ಟು ಕೊನೆಯ ಫೋಟೋ ತೆಗೆದೆ. ಕಾಗದದ ಅಂಚು ಎಲ್ಲೂ ಎದ್ದು ಕಾಣಲಿಲ್ಲ.

ಮುಂದಿನದು ಮುಸುಕಿನ ಜೋಳ. ಅದರ ತುದಿಯ ರೇಷ್ಮೆಯಂಥ ಎಳೆಗಳನ್ನು ಬ್ಲೇಡಿನಿಂದ ಬಿಡಿಸುವುದು ಕಷ್ಟ, ಅವನ್ನು ಆಮೇಲೆ ಪೆನ್ನಿನಿಂದ ಎಳೆಯಬೇಕು. ಇಬ್ಬರು ಹಿಡಿಯುವ ಗರಗಸವನ್ನು ನೆರೆಯವರು ಈಗಾಗಲೇ ತೆಗೆದಿಟ್ಟಿದ್ದಾರೆ.