ಕ್ರೂಸ್‌ಗೆ ಹೊರಡುವವರಿಗೆ
ಬುಕ್ ಮಾಡುವಾಗ ಎಲ್ಲರ ಕಣ್ಣೂ ಮೇಲಿನ ಡೆಕ್ಕಿನ ಬಾಲ್ಕನಿ ಮೇಲೇ. ಆದರೆ ತೂಗಾಟ ಅಲ್ಲೇ ಹೆಚ್ಚು, ಅದರಲ್ಲೂ ಹಡಗಿನ ಮುಂಭಾಗದಲ್ಲಿ. ತಲೆಸುತ್ತು ಬರುವವರು ಕೆಳಗಿನ ಡೆಕ್ಕಿನಲ್ಲಿ, ನಡುಭಾಗದ ಕ್ಯಾಬಿನ್ ಹಿಡಿಯಿರಿ. ಕ್ಯಾಬಿನ್ನಿನ ನೆತ್ತಿಯ ಮೇಲೆ ಏನಿದೆ ಅಂತಲೂ ನಕ್ಷೆಯಲ್ಲಿ ನೋಡಿ: ಈಜುಕೊಳವಿದ್ದರೆ ಬೆಳ್ಳಂಬೆಳಗ್ಗೆ ಕುರ್ಚಿ ಎಳೆಯುವ ಸದ್ದು. ವಾಂತಿ ತಡೆಯುವ ಮಾತ್ರೆಯನ್ನು ಹೊಟ್ಟೆ ತೊಳಸಿದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ; ವೈದ್ಯರನ್ನು ಕೇಳಿ ಮೊದಲೇ ತೆಗೆದುಕೊಳ್ಳಿ.

ಹತ್ತುವಾಗ ಸಿಬ್ಬಂದಿಗೆ ಒಪ್ಪಿಸಿದ ದೊಡ್ಡ ಸೂಟ್‌ಕೇಸ್ ಕ್ಯಾಬಿನ್ ಸೇರುವಷ್ಟರಲ್ಲಿ ಸಂಜೆಯಾದೀತು. ಪಾಸ್‌ಪೋರ್ಟ್, ಔಷಧಿ, ಈಜುಡುಗೆ ಕೈಚೀಲದಲ್ಲಿರಲಿ. ಸುರಕ್ಷತಾ ಅಭ್ಯಾಸ ತಪ್ಪಿಸುವಂತಿಲ್ಲ: 7 ಚಿಕ್ಕ ಸೀಟಿ, ಮೇಲೊಂದು ಉದ್ದನೆಯದು ಕೇಳಿದರೆ ನಿಮಗೆ ಗೊತ್ತುಮಾಡಿದ ಮಸ್ಟರ್ ಸ್ಟೇಷನ್‌ಗೆ, ಅಂದರೆ ತುರ್ತಿನಲ್ಲಿ ಎಲ್ಲರೂ ಸೇರುವ ಜಾಗಕ್ಕೆ, ಹೋಗಬೇಕು.

ಹಡಗು ದಡ ಬಿಡುವಾಗ ಹಿಂಬದಿಯ ಡೆಕ್ಕಿಗೆ ಹೋಗಿ. ನೊರೆಯ ದಾರಿ ಬಿಚ್ಚಿಕೊಳ್ಳುತ್ತಾ ಊರು ಚಿಕ್ಕದಾಗುವುದನ್ನು ನೋಡಲೇಬೇಕು. ಫೋನನ್ನು ಮಾತ್ರ ಆಗಲೇ ಏರೋಪ್ಲೇನ್ ಮೋಡ್‌ಗೆ ಹಾಕಿ. ಇಲ್ಲದಿದ್ದರೆ ಅದು ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿದು ಬಿಲ್ ಏರಿಸುತ್ತದೆ.

ಬಂದರಿನಲ್ಲಿ ಇಳಿದಾಗ ಹಡಗಿನ ಗಡಿಯಾರವೇ ಪ್ರಮಾಣ. ಫೋನು ತಂತಾನೇ ಊರಿನ ಸಮಯಕ್ಕೆ ತಿರುಗಿ ಒಂದು ಗಂಟೆ ಹಿಂದೆ ಬಿದ್ದರೆ ಹಡಗು ಕಾಯುವುದಿಲ್ಲ. ಸ್ವಂತವಾಗಿ ಸುತ್ತುವವರು, ವಾಪಸ್ ಹತ್ತಬೇಕಾದ ಗಡುವಿಗಿಂತ ಒಂದೂವರೆ ಗಂಟೆ ಮೊದಲೇ ಮರಳುವ ಲೆಕ್ಕ ಹಾಕಿ.

ಕೊನೆಯ ರಾತ್ರಿ, ಸಿಬ್ಬಂದಿ ಒಯ್ಯಲೆಂದು ಸೂಟ್‌ಕೇಸ್‌ಗಳನ್ನು ಬಾಗಿಲಾಚೆ ಇಡುವ ಮುಂಚೆ ಮರುದಿನದ ಬಟ್ಟೆ, ಚಪ್ಪಲಿ ಎತ್ತಿಟ್ಟುಕೊಳ್ಳಿ. ಪೈಜಾಮದಲ್ಲೇ ಇಳಿದವರಿದ್ದಾರೆ!