ಮೊದಲ ಸಲ ಯುಗಾದಿ ಅಡುಗೆಯೇ? ಬೇಳೆಯಿಂದ ಶುರು ಮಾಡಿ

ಮದುವೆಯಾಗಿ ಬಾಗಲಕೋಟೆಯ ನವನಗರಕ್ಕೆ ಬಂದ ವರ್ಷ ಯುಗಾದಿ ಅಡುಗೆ ನನ್ನ ಪಾಲಿಗೆ ಬಂತು. ಎಂಟು ಮಂದಿಯ ಊಟ. ಬೇಗ ಆಗಲೆಂದು ಕಡಲೆಬೇಳೆಯನ್ನು ಕುಕ್ಕರಿನಲ್ಲಿಟ್ಟು ಐದು ಸೀಟಿ ಹೊಡೆಸಿದೆ. ಬೇಳೆ ಕರಗಿತು, ಕಟ್ಟು (ಬೇಳೆ ಬೆಂದ ನೀರು) ಬಸಿಯಲಿಲ್ಲ, ಹೂರಣ ನೀರಾಯಿತು, ಲಟ್ಟಿಸಿದ ಹೋಳಿಗೆಯೆಲ್ಲ ಬಾಯಿಬಿಟ್ಟವು. ಬ್ಯಾಳಿ ಛಲೋ ಬೆಂದ್ರ ಅರ್ಧ ಅಡಗಿ ಆದಂಗ ಅಂತ ಅತ್ತೆ ಅವತ್ತೇ ಹೇಳಿಕೊಟ್ಟರು.

ಅರ್ಧ ಕಿಲೋ ಬೇಳೆ ತೊಳೆದು ಒಂದು ತಾಸು ನೆನೆಹಾಕಿ. ಅಷ್ಟರಲ್ಲಿ ಮೂರು ಬಟ್ಟಲು ಗೋಧಿಹಿಟ್ಟನ್ನು ತೆಳುಬಟ್ಟೆಯಲ್ಲಿ ಸೋಸಿ, ಚಿಟಿಕೆ ಉಪ್ಪು, ಅರಿಶಿನ, ನಾಲ್ಕು ಚಮಚ ಎಣ್ಣೆ ಹಾಕಿ ಕಣಕ ನಾದಿಡಿ. ಚಪಾತಿ ಹಿಟ್ಟಿಗಿಂತ ಸಡಿಲ ಇರಬೇಕು, ಎಳೆದರೆ ಹರಿಯದೆ ಬರಬೇಕು.

ಅಗಲ ಪಾತ್ರೆಯಲ್ಲಿ ಎರಡು ಲೀಟರ್ ನೀರು ಕುದಿಸಿ ಬೇಳೆ ಹಾಕಿ. ಅರ್ಧ ತಾಸಿನ ನಂತರ ಒಂದು ಕಾಳು ತೆಗೆದು ಬೆರಳಲ್ಲಿ ಒತ್ತಿ ನೋಡಿ. ನಡುವೆ ಬಿಳಿ ಗಂಟು ಉಳಿಯದೆ ಮೆತ್ತಗೆ ಹಿಟ್ಟಾಗಬೇಕು. ಪಾತ್ರೆಯೊಳಗೆ ಮಾತ್ರ ಕಾಳು ಕಾಳಾಗಿಯೇ ಕಾಣಬೇಕು. ಆ ಗಳಿಗೆಯಲ್ಲಿ ಇಳಿಸಿ ಬಸಿಯಿರಿ. ಕಟ್ಟು ಚೆಲ್ಲಬೇಡಿ, ಸಾರು ಆಗುವುದು ಅದರಿಂದಲೇ.

ಬೇಳೆಗೆ ಅರ್ಧ ಕಿಲೋ ಬೆಲ್ಲ ಸೇರಿಸಿ ಸಣ್ಣ ಉರಿಯಲ್ಲಿ ತಿರುವುತ್ತಿರಿ. ನಮ್ಮಲ್ಲಿ ಮಹಾಲಿಂಗಪುರದ ಬೆಲ್ಲ ತರುತ್ತೇವೆ. ಬೆಲ್ಲ ಕರಗಿದಾಗ ಎಲ್ಲ ತೆಳುವಾಗುತ್ತದೆ, ಗಾಬರಿ ಬೇಡ. ನೆಟ್ಟ ಸೌಟು ವಾಲದೆ ನಿಂತರೆ ಹದ ಬಂತು. ಏಲಕ್ಕಿ, ಜಾಜಿಕಾಯಿ ಹಾಕಿ ಬಿಸಿಯಿದ್ದಾಗಲೇ ರುಬ್ಬಿ. ಆರಿದರೆ ಬಿಗಿಯಾಗಿ ಮಿಕ್ಸರ್ ತಿರುಗುವುದಿಲ್ಲ. ಇಷ್ಟಾಗಿಯೂ ಸಡಿಲವಾದರೆ ಮತ್ತೆ ಒಲೆಗಿಟ್ಟು ನೀರು ಇಂಗಿಸಿ.

ಸಾರಿಗೆ, ಬಸಿದಿಟ್ಟ ಬೇಳೆಕಟ್ಟಿನಲ್ಲಿ ಹುಣಸೆರಸ, ಮಸಾಲೆ ಖಾರ, ಹುರಿದು ಅರೆದ ಒಣಕೊಬ್ಬರಿ, ಒಂದು ಹಿಡಿ ಹೂರಣ, ಉಪ್ಪು ಹಾಕಿ. ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆ ಕೊಟ್ಟು ಹದಿನೈದು ನಿಮಿಷ ಕುದಿಸಿ. ಹೊಸಬರಿಗೆ ಕಷ್ಟ ಇಲ್ಲಿಯೇ. ನೈವೇದ್ಯ ಆಗುವ ತನಕ ರುಚಿ ನೋಡುವಂತಿಲ್ಲ. ಅದಕ್ಕೇ ಉಪ್ಪನ್ನು ಚಮಚದಲ್ಲಿ ಅಳೆದು ಕಡಿಮೆಯೇ ಹಾಕಿ, ದೇವರಿಗೆ ಎಡೆಯಾದ ಮೇಲೆ ಸರಿಮಾಡಿಕೊಳ್ಳಿ.

ಕೋಸಂಬರಿ, ಬದನೆಕಾಯಿ ಪಲ್ಯ, ಅನ್ನ ಸಾಕು. ಬೇವು ಕುಡಿಯಲು ಪುಟಾಣಿ ಹಿಟ್ಟು, ಬೆಲ್ಲದ ನೀರು, ಬೇವಿನ ಹೂವು, ಮಾವಿನಕಾಯಿ ತುರಿ ಕಲಸಿಟ್ಟರಾಯಿತು. ಹಪ್ಪಳ, ಸಂಡಿಗೆ ಕರಿಯುವ ಕೆಲಸ ಮನೆಯ ಬೇರೆಯವರಿಗೆ ಬಿಡಿ.

ಹೋಳಿಗೆ ಕೊನೆಗೆ. ನಿಂಬೆಹಣ್ಣಿನಷ್ಟು ಕಣಕದೊಳಗೆ ಅದರ ಎರಡರಷ್ಟು ಹೂರಣ ತುಂಬಿ ಬಾಯಿ ಮುಚ್ಚಿ, ಅಕ್ಕಿಹಿಟ್ಟು ಉದುರಿಸಿ ಕೈ ಭಾರ ಹಾಕದೆ ಅಂಚಿನಿಂದ ಲಟ್ಟಿಸಿ. ಹಂಚು ಚೆನ್ನಾಗಿ ಕಾದಿರಲಿ, ಒಮ್ಮೆ ಮಾತ್ರ ತಿರುವಿಹಾಕಿ. ಈ ಅಳತೆಗೆ ಇಪ್ಪತ್ತರ ಆಸುಪಾಸು ಆಗುತ್ತವೆ. ಮೊದಲ ಎರಡು ಹರಿದರೆ ಹರಿಯಲಿ, ಮೂರನೆಯದಕ್ಕೆ ಕೈ ಕೂಡುತ್ತದೆ.

ಬಿಸಿ ಹೋಳಿಗೆಯ ಮೇಲೆ ತುಪ್ಪ, ಪಕ್ಕದಲ್ಲಿ ಒಂದು ಬಟ್ಟಲು ಹಾಲು. ಉಳಿದ ಸಾರನ್ನು ರಾತ್ರಿ ಇನ್ನೊಮ್ಮೆ ಕುದಿಸಿಡಿ. ಮರುದಿನ ಬಿಸಿ ಅನ್ನಕ್ಕೆ ಅದರ ರುಚಿಯೇ ಹೆಚ್ಚು.