ಕಾರಿನ ಪವರ್ ವಿಂಡೋ ಸ್ವಿಚ್ಚನ್ನು ಮನೆಯಲ್ಲೇ ಸರಿಪಡಿಸುವ ಬಗೆ

ಚಾಲಕನ ಬದಿಯ ಗಾಜು ಇಳಿದದ್ದು ಮತ್ತೆ ಏರದೆ ನಿಂತರೆ ಮೋಟಾರು ಸುಟ್ಟುಹೋಯಿತೆಂದೇ ಬಹಳ ಮಂದಿ ಭಾವಿಸುತ್ತಾರೆ. ಆದರೆ ಗಾಜು ಒಂದು ದಿಕ್ಕಿಗೆ ಸರಾಗವಾಗಿ ಚಲಿಸಿ ಇನ್ನೊಂದು ದಿಕ್ಕಿಗೆ ಮಾತ್ರ ಕದಲದಿದ್ದರೆ, ಅಥವಾ ಗುಂಡಿಯನ್ನು ನಾಲ್ಕಾರು ಸಲ ಒತ್ತಿದ ಮೇಲಷ್ಟೇ ಕದಲಿದರೆ, ದೋಷವಿರುವುದು ಹೆಚ್ಚಾಗಿ ಸ್ವಿಚ್ಚಿನಲ್ಲಿ.

ಹೀಗೇಕೆಂದು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು. ಬಾಗಿಲಿನೊಳಗಿರುವುದು 12 ವೋಲ್ಟಿನ ಡಿ.ಸಿ. ಮೋಟಾರು, ಅದಕ್ಕೆ ಸಾಮಾನ್ಯವಾಗಿ ಎರಡು ತಂತಿಗಳು. ಸ್ವಿಚ್ಚನ್ನು ಮುಟ್ಟದಿರುವಾಗ ಎರಡೂ ತಂತಿಗಳು ಅರ್ತಿಂಗ್‌ಗೆ, ಅಂದರೆ ಬ್ಯಾಟರಿಯ ನೆಗೆಟಿವ್ ಬದಿಗೆ, ಸೇರಿರುತ್ತವೆ. ಏರಿಸಲು ಒತ್ತಿದಾಗ ಒಂದು ತಂತಿಗೂ ಇಳಿಸಲು ಒತ್ತಿದಾಗ ಮತ್ತೊಂದಕ್ಕೂ ಬ್ಯಾಟರಿಯ ವಿದ್ಯುತ್ತು ಹರಿದು, ಮೋಟಾರು ತಿರುಗುವ ದಿಕ್ಕು ಬದಲಾಗುತ್ತದೆ. ಹೀಗೆ ಎರಡು ದಿಕ್ಕಿಗೆ ಬೇರೆ ಬೇರೆ ಸಂಪರ್ಕ ಬಿಂದುಗಳಿದ್ದು, ಪ್ರತಿ ಸಲ ಬಿಡುವಾಗಲೂ ಅಲ್ಲಿ ಸಣ್ಣ ಕಿಡಿ ಹಾರುವುದರಿಂದ ವರ್ಷಗಳು ಕಳೆದಂತೆ ಲೋಹದ ಮೇಲೆ ಕಪ್ಪು ಮಸಿ ಕಟ್ಟುತ್ತದೆ. ಟೋಲ್ ಗೇಟಿನಲ್ಲೂ ಪಾರ್ಕಿಂಗ್ ಚೀಟಿ ಪಡೆಯುವಾಗಲೂ ಬಳಕೆಯಾಗುವುದು ಚಾಲಕನ ಬದಿಯದೇ. ತೆರೆದ ಗಾಜಿನಿಂದ ಮಳೆನೀರು ಬೀಳುವುದೂ ಅದರ ಮೇಲೆಯೇ. ಇಲ್ಲಿ ಹೇಳುವ ವಿಧಾನ ಇಂತಹ ಸಾದಾ ಸ್ವಿಚ್ಚಿಗೆ ಅನ್ವಯಿಸುತ್ತದೆ. ಸ್ವಿಚ್ಚು ಸಂಕೇತವನ್ನಷ್ಟೇ ಕಳುಹಿಸಿ, ಮೋಟಾರನ್ನು ಬೇರೊಂದು ಎಲೆಕ್ಟ್ರಾನಿಕ್ ಘಟಕ ನಡೆಸುವ ಹೊಸ ಕಾರುಗಳಲ್ಲಿ ಇದನ್ನು ಪ್ರಯತ್ನಿಸಬಾರದು.

ಬಿಚ್ಚುವ ಮುನ್ನ ಖಚಿತಪಡಿಸಿಕೊಳ್ಳಬೇಕು. ಎಲ್ಲ ಗಾಜುಗಳೂ ನಿಂತಿದ್ದರೆ ಫ್ಯೂಸನ್ನು ನೋಡಿ, ಸುಟ್ಟಿದ್ದರೆ ಅಷ್ಟೇ ಆಂಪಿಯರ್‌ನದನ್ನು ಹಾಕಿ. ಹೆಚ್ಚಿನದನ್ನು ಎಂದಿಗೂ ಹಾಕಬೇಡಿ. ಬೇರೆ ಬಾಗಿಲುಗಳ ಗಾಜು ಮಾತ್ರ ನಿಂತಿದ್ದರೆ, ಚಾಲಕನ ಬಳಿಯ ವಿಂಡೋ ಲಾಕ್ ಗುಂಡಿ ಒತ್ತಿಹೋಗಿದೆಯೇ ಎಂದು ಪರೀಕ್ಷಿಸಿ. ಯಾವ ಉಪಕರಣವೂ ಬೇಡದ ಒಂದು ಪರೀಕ್ಷೆಯಿದೆ, ನನಗೆ ಅದರ ಮೇಲೆ ಬಹಳ ನಂಬಿಕೆ: ಎಂಜಿನ್ ನಿಲ್ಲಿಸಿ, ಕೀಲಿಯನ್ನು ಮಾತ್ರ ಆನ್ ಮಾಡಿ, ಒಳಗಿನ ದೀಪ ಹಚ್ಚಿ ಸ್ವಿಚ್ಚನ್ನು ಒತ್ತಿ. ದೀಪ ತುಸು ಮಂಕಾದರೆ ವಿದ್ಯುತ್ತು ಮೋಟಾರಿಗೆ ತಲುಪುತ್ತಿದೆ, ತೊಡಕು ಗಾಜಿನಲ್ಲೋ ಮೋಟಾರಿನಲ್ಲೋ ಇದೆ. ಮಂಕಾಗದಿದ್ದರೆ ಸ್ವಿಚ್ಚನ್ನೇ ಶಂಕಿಸಬೇಕು.

ಈಗ ಕೀಲಿ ತೆಗೆದು, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ ಕೆಲವು ನಿಮಿಷ ಕಾಯಿರಿ. ಕೆಲವು ಕಾರುಗಳಲ್ಲಿ ಸ್ವಿಚ್ಚಿನ ಫಲಕವನ್ನು ಅಂಚಿನಿಂದ ಮೇಲಕ್ಕೆತ್ತಿದರೆ ಸಾಕು. ಇನ್ನು ಕೆಲವದರಲ್ಲಿ ಹಿಡಿಕೆಯ ಒಳಗೆ ಅಡಗಿರುವ ಸ್ಕ್ರೂ ಬಿಚ್ಚಬೇಕಾಗುತ್ತದೆ. ಪ್ಲಾಸ್ಟಿಕ್ ಮೀಟುಗೋಲು ಇಲ್ಲದಿದ್ದರೆ ಸ್ಕ್ರೂಡ್ರೈವರಿನ ತುದಿಗೆ ಬಟ್ಟೆ ಸುತ್ತಿ ಬಳಸಿ. ಕನೆಕ್ಟರನ್ನು ಅದರ ಕೊಂಡಿ ಒತ್ತಿ ಕಳಚಬೇಕೇ ಹೊರತು ತಂತಿ ಹಿಡಿದು ಎಳೆಯಬಾರದು.

ಎಚ್ಚರ ಹೆಚ್ಚು ಬೇಕಾಗುವುದು ಸ್ವಿಚ್ಚನ್ನು ತೆರೆಯುವಾಗ. ಒಳಗಿನ ಸ್ಪ್ರಿಂಗುಗಳು ಮತ್ತು ಪುಟ್ಟ ಕಡ್ಡಿಗಳು ಹಾರಿ ಸೀಟಿನಡಿ ಸೇರಿದರೆ ಸಿಗುವುದು ಕಷ್ಟ. ಆದ್ದರಿಂದ ಮೇಜಿನ ಮೇಲೆ, ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಕೊಕ್ಕೆಗಳನ್ನು ಒಂದೊಂದಾಗಿ ಸಡಿಲಿಸಿ, ಪ್ರತಿ ಹಂತದಲ್ಲೂ ಫೋನಿನಲ್ಲಿ ಚಿತ್ರ ತೆಗೆದುಕೊಳ್ಳಿ. ಏತದಂತೆ ಅತ್ತಿತ್ತ ವಾಲುವ ತಾಮ್ರದ ಪಟ್ಟಿಗಳೂ ಅವು ತಾಗುವ ಬಿಂದುಗಳೂ ಕಾಣುತ್ತವೆ. ಹಳೆಯ ಗ್ರೀಸು ಮತ್ತು ಮಸಿಯನ್ನು ಕಾಂಟ್ಯಾಕ್ಟ್ ಕ್ಲೀನರ್ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿದ ಹತ್ತಿಕಡ್ಡಿಯಿಂದ ಒರೆಸಿ. ಅದರಿಂದ ಹೋಗದ ಕಲೆಗೆ ಮಾತ್ರ 2000 ಗ್ರಿಟ್‌ನ ಸ್ಯಾಂಡ್ ಪೇಪರನ್ನು ಎರಡು ಮೂರು ಸಲ ಹಗುರವಾಗಿ ಆಡಿಸಿ. ಒರಟು ಕಾಗದದಿಂದ ಉಜ್ಜಿದರೆ ಮೇಲಿನ ತೆಳು ಲೇಪನವೇ ಹೋಗಿ ಸ್ವಿಚ್ಚು ಬೇಗ ಕೆಡುತ್ತದೆ. ಬಿಂದುವೇ ಕರಗಿ ಗುಳಿಬಿದ್ದಿದ್ದರೆ ಅಥವಾ ಸುತ್ತಲಿನ ಪ್ಲಾಸ್ಟಿಕ್ ಬೆಂದಿದ್ದರೆ ಹೊಸ ಸ್ವಿಚ್ಚೇ ಸೂಕ್ತ, ಅಲ್ಲಿ ಉಳಿತಾಯ ಬೇಡ.

ಚೆನ್ನಾಗಿ ಒಣಗಿದ ಮೇಲೆ ಮತ್ತೆ ಜೋಡಿಸಿ, ಪ್ರತಿ ಗುಂಡಿಯೂ ಒತ್ತಿ ಬಿಟ್ಟಾಗ ತಾನಾಗಿ ನಡುವಿಗೆ ಮರಳುತ್ತದೆಯೇ ಎಂದು ನೋಡಿ. ಮರಳದ ಗುಂಡಿ ಅಪಾಯಕಾರಿ, ವಿಶೇಷವಾಗಿ ಮಕ್ಕಳಿರುವ ಮನೆಯಲ್ಲಿ. ಕನೆಕ್ಟರನ್ನೂ ಬ್ಯಾಟರಿಯನ್ನೂ ಸೇರಿಸಿ, ಫಲಕವನ್ನು ಕೂರಿಸುವ ಮೊದಲೇ ಗಾಜನ್ನು ಎರಡೂ ದಿಕ್ಕಿಗೆ ಚಲಾಯಿಸಿ ಪರೀಕ್ಷಿಸಿ. ಒಂದೇ ಒತ್ತಿಗೆ ಪೂರ್ತಿ ಏರುವ ಗಾಜಾದರೆ, ಬ್ಯಾಟರಿ ಕಳಚಿದ್ದರಿಂದ ಆ ಸೌಲಭ್ಯ ನಿಂತಿರಬಹುದು. ಅದನ್ನು ಮರಳಿ ಪಡೆಯುವ ಕ್ರಮ ಕಾರಿನ ಕೈಪಿಡಿಯಲ್ಲಿರುತ್ತದೆ.

ಗಾಜು ನಿಧಾನವಾಗಿ, ತೇಕುತ್ತಾ ಏರುತ್ತಿದ್ದರೆ ಕೆಲಸ ಇನ್ನೂ ಬಾಕಿಯಿದೆಯೆಂದೇ ಅರ್ಥ. ಗಾಜು ಜಾರುವ ರಬ್ಬರಿನಲ್ಲಿ ಧೂಳು ತುಂಬಿ ಬಿಗಿಯಾದಾಗ ಮೋಟಾರು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ, ಆ ಹೊರೆಯೇ ಸ್ವಿಚ್ಚಿನ ಬಿಂದುಗಳನ್ನು ಸುಡುತ್ತದೆ. ರಬ್ಬರಿನ ಜಾಡನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಬಳಿಕ ಸಿಲಿಕೋನ್ ಸ್ಪ್ರೇಯನ್ನು ತೆಳುವಾಗಿ ಹಾಕಿ, ಗಾಜನ್ನು ಐದಾರು ಸಲ ಏರಿಸಿ ಇಳಿಸಿ.